ಇಪ್ಪತ್ಮೂರನೆಯ ಮಡಕೆ

ಫೆಬ್ರವರಿ ೩

ನನ್ನ ವಕೀಲಮ್ಮನಿಗೆ,

ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ, ಮೂರನೇ ನಿಮಿಷಕ್ಕೆ ನೀನು ಗೆಲ್ಲುತ್ತೀಯ. ಅದಕ್ಕೇ ಈ ಕಾಗದ. ಇದರಲ್ಲಾದರೂ ನಾನು ಹೇಳಿ ಮುಗಿಸುವವರೆಗೆ ನೀನು ಬಾಯಿ ಹಾಕುವಂತಿಲ್ಲ.

ನಿನ್ನ ಸೋಸುವ ಮಡಕೆಗಳನ್ನು ಸುಟ್ಟ ಮೊದಲ ಆವಿಗೆಯನ್ನು ಮೊನ್ನೆ ಬಿಚ್ಚಿದೆವು. ನಲವತ್ತು ಇಟ್ಟಿದ್ದೆ, ನಲವತ್ತೂ ಬಿರುಕಿಲ್ಲದೆ ಹೊರಗೆ ಬಂದವು. ನಿನ್ನ ಅತ್ತೆ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ತಲೆಯಾಡಿಸಿದಳು. ತಂಗಿಯ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ, ತಲೆಯಾಡಿಸಿದ್ದೇ ದೊಡ್ಡದು ಎಂದುಕೊಂಡೆ.

ಜೇಡಿಮಣ್ಣಿಗೆ ಮರದ ಪುಡಿ ಕಲಸುವಾಗ ನನ್ನ ಕೈ ಹಿಂಜರಿಯಿತು ಎಂದರೆ ನೀನು ನಗುತ್ತೀಯ. ನಲವತ್ತೈದು ವರ್ಷ ಒಂದು ಹನಿ ಸೋರದ ಮಡಕೆ ಮಾಡಿ ಹೆಸರು ತೆಗೆದುಕೊಂಡವನು ನಾನು. ಈಗ ಹೆತ್ತ ಮಗಳೇ ಬಂದು, ಅಪ್ಪಾ, ಸೋರುವ ಮಡಕೆ ಮಾಡು, ಅದರಿಂದ ನಾಲ್ಕು ಜನರ ಹೊಟ್ಟೆ ತಣ್ಣಗಿರುತ್ತದೆ ಎನ್ನುತ್ತಾಳೆ. ಆ ಪುಡಿ ಬೆಂಕಿಯಲ್ಲಿ ಉರಿದುಹೋಗಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ, ನೀರು ಅವುಗಳ ಮೂಲಕ ಇಳಿದು ಶುದ್ಧವಾಗುತ್ತದೆ ಎಂದೆಯಲ್ಲ. ಹೇಗೆ ಶುದ್ಧವಾಗುತ್ತದೋ ನಿನಗೂ ನಿನ್ನ ಎಂಜಿನಿಯರನಿಗೂ ಗೊತ್ತು. ನನಗೆ ಗೊತ್ತಿರುವುದು ಮಣ್ಣು.

ನೀನು ಕಳಿಸಿದ ನಿಯಮದ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ. ಅದರಂತೆ ಮಡಕೆಗಳನ್ನು ಒಂದು ದಿನ ನೆನೆಸಿ, ಕಂಠದವರೆಗೆ ನೀರು ತುಂಬಿ, ಗಡಿಯಾರ ನೋಡಿಕೊಂಡು ಒಂದು ಗಂಟೆ ಕಾದೆವು. ಆಮೇಲೆ ಎರಡು ಕೆಂಪು ಗೆರೆಯ ಕೋಲು ಇಳಿಬಿಟ್ಟೆವು. ನೀರು ಎರಡು ಗೆರೆಗಳ ನಡುವೆ ನಿಂತರೆ ಪಾಸು. ಮೇಲಿನ ಗೆರೆ ದಾಟದಿದ್ದರೆ, ನಿಧಾನ, ಒಡೆಯಬೇಕು. ಕೆಳಗಿನ ಗೆರೆಗಿಂತ ಇಳಿದರೆ, ಬೇಗ, ಒಡೆಯಬೇಕು. ನಲವತ್ತರಲ್ಲಿ ನಿಧಾನದ್ದು ಎರಡು, ಬೇಗದ್ದು ಏಳು.

ನಿಧಾನದ್ದನ್ನು ಒಡೆದೆ. ಸೋಮಾರಿ ಮಡಕೆ, ಹೋಗಲಿ. ಆದರೆ ಬೇಗ ಇಳಿಸುವ ಮಡಕೆ ಏನು ತಪ್ಪು ಮಾಡಿತು? ಬಿರುಕಿಲ್ಲ, ಸೊಟ್ಟವಿಲ್ಲ, ಕೆಲಸವನ್ನು ಚುರುಕಾಗಿ ಮಾಡುತ್ತದೆ. ಅಂಥದ್ದನ್ನು ಮಾಡಿದ ಕೈಯಿಂದಲೇ ಒಡೆಯಬೇಕು ಎಂದರೆ ನನಗೆ ತಿಳಿಯದು. ಸರಿಯಾಗಿ ಬರೆದು ತಿಳಿಸು.

ಮಣ್ಣು ಕಲಸಲು, ಜರಡಿ ಹಿಡಿಯಲು ಬರುವ ಆರು ಹೆಂಗಸರೂ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ


ಫೆಬ್ರವರಿ ೧೫

ಅಪ್ಪಾ,

ನಲವತ್ತಕ್ಕೆ ಮೂವತ್ತೊಂದು ಪಾಸು! ಎಂಜಿನಿಯರ್ ಕುರ್ಚಿಯಿಂದ ಎದ್ದು ನಿಂತ. ಬೇರೆ ಕಡೆ ಮೊದಲ ಸಲ ಅರ್ಧವೂ ಉಳಿಯಲಿಲ್ಲವಂತೆ. ನಿನ್ನ ಕೈಗುಣ ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು.

ಒಡೆಯುವ ವಿಷಯದಲ್ಲಿ ವಾದ ಬೇಡ ಅಪ್ಪಾ. ಹಾಳೆಯಲ್ಲಿ ಬರೆದಿದೆ, ಹಾಗೇ ಮಾಡು. ಇನ್ನೊಂದು ನಿಯಮವೂ ನೆನಪಿರಲಿ. ಯಾರಿಗೂ ಪುಕ್ಕಟೆ ಕೊಡಬೇಡ. ಕೈಲಾದಷ್ಟು ಕೊಡಲಿ, ಕಂತಿನಲ್ಲಿ ಕೊಡಲಿ, ಆದರೆ ಕೊಟ್ಟು ಕೊಳ್ಳಲಿ. ನಮ್ಮದು ದಾನದ ಅಂಗಡಿಯಲ್ಲ. ನಾಳೆ ನಾನಿಲ್ಲದಿದ್ದರೂ, ನೆರವು ಕೊಡುವವರು ಕೈಬಿಟ್ಟರೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದ ಕೆಲಸ ಇದು.

ಇಲ್ಲಿ ನನಗೆ ಉಸಿರಾಡಲೂ ಪುರಸೊತ್ತಿಲ್ಲ. ನೆರವು ಕೊಡುವ ಸಂಸ್ಥೆಯವರು ನಮ್ಮ ಕಾರ್ಯಾಗಾರ ನೋಡಲು ಬರುತ್ತಾರೆ. ಅವರಿಗೆ ಹಿಡಿಸಿದರೆ ಸುತ್ತಲಿನ ಎಲ್ಲ ಶಾಲೆಗಳಿಗೂ ನಮ್ಮ ಮಡಕೆ. ಅತ್ತೆಗೆ ಹೇಳು, ಜರಡಿ ಮನೆಗೆ ಸುಣ್ಣ ಹೊಡೆಸಲಿ.

ನಿನ್ನ ಮಗಳು


ಮಾರ್ಚ್ ೨೦

ವಕೀಲಮ್ಮಾ,

ತೀರ್ಪು ತಲುಪಿತು. ವಾದ ಮಾಡುವುದಿಲ್ಲ.

ಸುಣ್ಣ ಹೊಡೆಸಿದ್ದಾಯಿತು. ಮೂರು ಆವಿಗೆ ಮುಗಿದವು. ಕ್ಷೌರದಂಗಡಿಯವ, ಬಸ್ ನಿಲ್ದಾಣದ ಕಾವಲುಗಾರ, ಎಲ್ಲರ ಮನೆಯಲ್ಲೂ ಈಗ ನಿನ್ನ ಮಡಕೆ ಕೂತಿದೆ. ದುಡ್ಡು ಕೊಟ್ಟು ಕೊಂಡವರು ಏನು ಜೋರು ಮಾಡುತ್ತಾರೆ ಗೊತ್ತೇ! ಕ್ಷೌರದವನು ವಾರದಲ್ಲಿ ಎರಡು ಸಲ ಬಂದು, "ನಿಮ್ಮ ಮಡಕೆ ನಿದ್ದೆ ಮಾಡ್ತಿದೆ, ಎಬ್ಬಿಸಿ ಕೊಡಿ" ಎಂದ. ಒಳಗೆ ಮಣ್ಣು ಕಟ್ಟಿತ್ತು, ತೆಂಗಿನ ನಾರಿನಿಂದ ಉಜ್ಜಿ ಕೊಟ್ಟೆ. ಕತ್ತರಿ ಹಿಡಿದವನ ಬಾಯಿಗೆ ಯಾರು ಎದುರು ಹೇಳುತ್ತಾರೆ?

ನಮ್ಮ ಹಿಂದಿನ ಓಣಿಯ ಹೊಲಿಗೆಯಮ್ಮ ನಿನಗೆ ನೆನಪಿರಬೇಕು. ನಿನ್ನ ಶಾಲೆಯ ಅಂಗಿಗೆ ಯಾವಾಗಲೂ ಒಂದು ಜೇಬು ಹೆಚ್ಚಿಗೆ ಹೊಲಿಯುತ್ತಿದ್ದಳಲ್ಲ, ಅವಳು. ಮಗ ಸೊಸೆ ಇಬ್ಬರೂ ದುಡಿಯಲು ದೂರ ಹೋಗಿದ್ದಾರೆ, ಮೊಮ್ಮಗಳು ಅವಳ ಮಡಿಲಲ್ಲಿದ್ದಾಳೆ. ಅವಳ ಮನೆಯಲ್ಲಿ ನೀರು ಸರಸರನೆ ಇಳಿಯುತ್ತದೆ, ಕಾಯುವ ಕೆಲಸವೇ ಇಲ್ಲ. ಕೊಂಡಾಡುತ್ತಾಳೆ.

ಒಡೆಯಬೇಕಾದವುಗಳ ಚಿಂತೆ ನಿನಗೆ ಬೇಡ. ಅದಕ್ಕೊಂದು ದಾರಿ ಮಾಡಿದ್ದೇನೆ.

ನಿನ್ನ ಅಪ್ಪ


ಏಪ್ರಿಲ್ ೧೦

ಅಪ್ಪಾ,

ಗೆದ್ದೆವು. ಸಂಸ್ಥೆಯ ನಿರ್ದೇಶಕಿಗೆ ತುಂಬಾ ಹಿಡಿಸಿದೆ. ಜೂನ್ ಸಭೆಯಲ್ಲಿ ಸಹಿ ಹಾಕುತ್ತಾರೆ. ಎಷ್ಟು ಮನೆ, ಎಷ್ಟು ಶಾಲೆ, ವರ್ಷಕ್ಕೆ ಎಷ್ಟು ಮಡಕೆ ಎಂದು ನನ್ನನ್ನು ಕೇಳಿದ್ದೇ ಕೇಳಿದ್ದು. ನನಗೆ ಎಲ್ಲ ಸಂಖ್ಯೆಗಳೂ ನಾಲಿಗೆಯ ತುದಿಯಲ್ಲಿದ್ದವು.

ಅವರನ್ನು ಕಾರ್ಯಾಗಾರಕ್ಕೆ ಕರೆತಂದ ದಿನ ಅತಿಥಿಗಳ ಹಿಂದೆಯೇ ಓಡಾಡಿ ನಿನ್ನ ಪಕ್ಕ ಹತ್ತು ನಿಮಿಷ ಕೂರಲಿಲ್ಲ. ನನಗಾಗಿ ಅತ್ತೆ ತೆಗೆದಿಟ್ಟ ಊಟ ಹಾಗೇ ಉಳಿಯಿತು. ನೀನು ಗೇಟಿನವರೆಗೆ ಬಂದು ಏನೋ ಹೇಳಹೊರಟಿದ್ದೆ, ನಾನು ಆಮೇಲೆ ಅಂದೆ. ಬೇಜಾರು ಮಾಡಿಕೊಳ್ಳಬೇಡ.

ಒಂದು ಕಳ್ಳತನವನ್ನೂ ಒಪ್ಪಿಕೊಳ್ಳಬೇಕು. ಆವಿಗೆಯ ಹಿಂದೆ ಸಾಲಾಗಿ ಮಡಕೆ ಇಟ್ಟಿದ್ದೆಯಲ್ಲ, ಅದರಲ್ಲಿ ಒಂದನ್ನು ಎತ್ತಿಕೊಂಡು ಬಂದೆ. ಅಂಚು ಅಷ್ಟು ಚೆಂದ ತಿರುಗಿತ್ತು, ಕಣ್ಣು ಕೀಳಲಾಗಲಿಲ್ಲ. ಈಗ ಅದು ನಿರ್ದೇಶಕಿಯ ಸಭಾಕೋಣೆಯಲ್ಲಿ ಗಾಜಿನ ಪಾತ್ರೆಯ ಮೇಲೆ ಕೂತಿದೆ. ಬಂದವರಿಗೆಲ್ಲ ಅದರ ನೀರೇ ಕೊಡುತ್ತಾರೆ. ಅವರ ಪುಸ್ತಿಕೆಯ ಮುಖಪುಟಕ್ಕೂ ಅದರದ್ದೇ ಫೋಟೋ.

ಎಂಜಿನಿಯರ್ ಒಂದು ಮಾತು ಕೇಳಿದ. ಇಷ್ಟು ಮಡಕೆ ಮಾಡಿದ್ದಾರೆ, ಒಡೆದ ಚೂರಿನ ರಾಶಿ ಎಲ್ಲೂ ಕಾಣಲಿಲ್ಲವಲ್ಲ ಎಂದ. ಅತಿಥಿಗಳು ಬರುತ್ತಾರೆ ಎಂದು ಗುಡಿಸಿರಬೇಕು ಅಂದೆ. ಹೌದು ತಾನೇ?

ನಿನ್ನ ಮಗಳು


ಮೇ ೨

ಮಗಳೇ,

ತಮಾಷೆಗೆ ಮನಸ್ಸಿಲ್ಲ. ನೇರವಾಗಿ ಬರೆಯುತ್ತೇನೆ.

ಹೊಲಿಗೆಯಮ್ಮನ ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಳೆ. ವಾಂತಿ, ಭೇದಿ. ನಾಲ್ಕು ದಿನವಾಯಿತು. ಕೈಗೆ ಸೂಜಿ ಚುಚ್ಚಿ ಬಾಟಲಿಯ ನೀರು ಹತ್ತಿಸಿದ್ದಾರೆ. ಮಗುವಿನ ಕೈ ನನ್ನ ಎರಡು ಬೆರಳಿನಷ್ಟು ದಪ್ಪವೂ ಇಲ್ಲ. ದಾದಿ ಹೊಲಿಗೆಯಮ್ಮನನ್ನು, ಕುಡಿಯುವ ನೀರು ಯಾವುದು ಎಂದು ಕೇಳಿದಳು. ಅವಳು ನನ್ನತ್ತ ಕೈ ತೋರಿಸಿ, "ಅಣ್ಣ ಕೊಟ್ಟ ಮಡಕೇದು, ನೀರಿನ ಬಗ್ಗೆ ಭಯವೇ ಇಲ್ಲ" ಎಂದಳು. ನಾನು ಅಲ್ಲೇ ನಿಂತಿದ್ದೆ.

ನಾನು ಬೇಗದ ಮಡಕೆಗಳನ್ನು ಒಡೆಯಲಿಲ್ಲ.

ಮೂರು ಆವಿಗೆಯಿಂದ ಇಪ್ಪತ್ಮೂರು. ಮೊದಲ ದಿನ ಸುತ್ತಿಗೆ ಎತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಕೈ ಇಳಿಯಲಿಲ್ಲ. ಸೊಟ್ಟ ಮಡಕೆಯನ್ನು ನೂರಾರು ಒಡೆದಿದ್ದೇನೆ, ಯಾವತ್ತೂ ಎರಡು ಸಲ ಯೋಚಿಸಿದವನಲ್ಲ. ಗಟ್ಟಿಯಾದ ಮಡಕೆಯನ್ನು ಒಡೆದದ್ದು ನನ್ನ ಜನ್ಮದಲ್ಲಿಲ್ಲ. ಬುಡದಲ್ಲಿ ಮೊಳೆಯಿಂದ ಉಗುರಿನಂಥ ಒಂದು ಗೀರು ಹಾಕಿ, ಆವಿಗೆಯ ಹಿಂದೆ ಸಾಲಾಗಿ ಇಟ್ಟೆ. ಆಮೇಲೆ ಒಂದೊಂದಾಗಿ, ಕೊಳ್ಳಲಾಗದವರ ಮನೆಗೆ ಕೊಟ್ಟುಬಂದೆ. ಪುಕ್ಕಟೆ. ನಿನ್ನ ಎರಡು ನಿಯಮವನ್ನೂ ಒಂದೇ ಏಟಿಗೆ ಮುರಿದೆ, ಪುಣ್ಯದ ಕೆಲಸ ಎಂದು ಒಳಗೊಳಗೇ ಬೀಗಿದೆ.

ಈಗ ನನಗೆ ಒಂದೇ ಉತ್ತರ ಬೇಕು. ಆ ಮಗು ಮಲಗಿರುವುದು ನನ್ನ ಮಡಕೆಯಿಂದಲೇ? ಬೇಗದ ಮಡಕೆಯನ್ನು ಯಾಕೆ ಒಡೆಯಬೇಕು ಎಂದು ಫೆಬ್ರವರಿಯಲ್ಲಿ ಕೇಳಿದ್ದೆ. ಒಡೆ ಎಂದು ನೀನು ಬರೆದೆ, ಯಾಕೆ ಎಂದು ಬರೆಯಲಿಲ್ಲ. ನಿನ್ನ ಮೇಲೆ ಹೊರಿಸುತ್ತಿಲ್ಲ, ಮಾಡಿದವನು ನಾನೇ. ಆದರೂ ಕೇಳುತ್ತಿದ್ದೇನೆ.

ಅಪ್ಪ


ಮೇ ೫

ಅಪ್ಪಾ,

ನಿನ್ನ ಕಾಗದ ಓದಿದೆ. ಫೋನ್ ಮಾಡಿದರೆ ಕಿರುಚಾಡಿಬಿಡುತ್ತೇನೆ ಎಂದು ನನಗೇ ಭಯವಾಯಿತು. ಈ ಕಾಗದವನ್ನು ವ್ಯಾನ್ ಚಾಲಕನ ಕೈಯಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಇಲ್ಲಿ ಮಾರಲು ತಂದಿಟ್ಟಿದ್ದ, ಪಾಸಾದ ಇಪ್ಪತ್ನಾಲ್ಕು ಮಡಕೆಗಳಿವೆ, ಒಂದು ಹೆಚ್ಚಿಗೆ ಇರಲಿ.

ತೂತು ದೊಡ್ಡದಾದರೆ ನೀರು ಬೇಗ ಇಳಿಯುತ್ತದೆ. ನೀರು ನುಸುಳುವ ಕಡೆ ಅದರಲ್ಲಿರುವ ರೋಗವೂ ನುಸುಳುತ್ತದೆ. ಬೇಗದ ಮಡಕೆ ನೀರನ್ನು ಸೋಸುವುದಿಲ್ಲ, ಸುಮ್ಮನೆ ಆಚೆ ದಾಟಿಸುತ್ತದೆ. ನೋಡಲು ತಿಳಿಯಾಗಿರುತ್ತದೆ, ಅದೇ ಅಪಾಯ. ಮೊದಲು ಕುದಿಸಿ ಕುಡಿಯುತ್ತಿದ್ದವರು ಮಡಕೆ ಬಂತಲ್ಲ ಎಂದು ಕುದಿಸುವುದನ್ನು ಬಿಟ್ಟಿರುತ್ತಾರೆ. ಆ ಮಗುವಿಗೆ ಇದರಿಂದಲೇ ಆಯಿತೇ ಎಂದು ನಾನು ಆಣೆಯಿಟ್ಟು ಹೇಳಲಾರೆ. ಇದರಿಂದ ಅಲ್ಲ ಎಂದೂ ಹೇಳಲಾರೆ.

ಇವಿಷ್ಟು ಸಾಲು ಬರೆಯಲು ನನಗೆ ಐದು ನಿಮಿಷ ಹಿಡಿಯಿತು. ಫೆಬ್ರವರಿಯಲ್ಲಿ ಆ ಐದು ನಿಮಿಷ ನಿನಗೆ ಕೊಡಲಿಲ್ಲ. ಅಪ್ಪನಿಗೆ ಅರ್ಥ ಮಾಡಿಸುವುದಕ್ಕಿಂತ ಆಜ್ಞೆ ಮಾಡುವುದು ಸುಲಭವಾಗಿತ್ತು.

ಇವತ್ತೇ ಇಪ್ಪತ್ಮೂರು ಮನೆಗೂ ಹೋಗು. ನೀರು ಕುದಿಸಿ ಕುಡಿಯಲು ಹೇಳು. ಗೀರಿನ ಮಡಕೆ ತಗೊಂಡು ಪಾಸಾದದ್ದು ಕೊಡು. ಯಾಕೆ ಎಂದು ಕೇಳಿದರೆ, ಹೊಸ ಮಾದರಿ ಬಂದಿದೆ, ಬದಲಾಯಿಸಿ ಕೊಡುತ್ತಿದ್ದೇವೆ ಎನ್ನು. ಇದು ಎಂಜಿನಿಯರ್ ಕೊಟ್ಟ ಸಲಹೆ, ನಾನೂ ಒಪ್ಪಿದ್ದೇನೆ. ನಿಜ ಹೇಳಿದರೆ ಸುದ್ದಿ ಸಂಸ್ಥೆಯವರೆಗೆ ಹೋಗುತ್ತದೆ. ಜೂನ್ ಸಹಿ ಕೈತಪ್ಪುತ್ತದೆ. ಆರು ಹೆಂಗಸರ ಕೆಲಸ ಹೋಗುತ್ತದೆ. ಒಳ್ಳೆಯ ಮಡಕೆ ಇಟ್ಟುಕೊಂಡವರೂ ಹೆದರಿ ಎಸೆದುಬಿಡುತ್ತಾರೆ. ಯೋಚಿಸಿಯೇ ಬರೆಯುತ್ತಿದ್ದೇನೆ.

ಮಗುವಿನ ಸುದ್ದಿ ತಿಳಿಸು.

ನಿನ್ನ ಮಗಳು


ಮೇ ೧೧

ಮಗಳೇ,

ಮಗು ಕಣ್ಣು ಬಿಟ್ಟಿತು. ಮೊನ್ನೆಯಿಂದ ಗಂಜಿ ಕುಡಿಯುತ್ತಿದೆ. ಇದನ್ನು ಮೊದಲು ಓದಿ, ಒಂದು ಸಲ ಉಸಿರು ಬಿಟ್ಟು, ಆಮೇಲೆ ಮುಂದೆ ಓದು.

ನೀನು ಹೇಳಿದಂತೆ ಹೊರಟೆ. ಅತ್ತೆಯೂ ವ್ಯಾನ್ ಹತ್ತಿದಳು. ಮೊದಲ ನಾಲ್ಕು ಮನೆಯಲ್ಲಿ ಹೊಸ ಮಾದರಿ ಎಂದೆ. ನಾಲಿಗೆ ಹೊರಳಿತು, ಬದುಕಿಕೊಂಡೆ. ಐದನೆಯದು ಇಸ್ತ್ರಿ ಮಾಡುವವನ ಮನೆ. ಅವನ ಹೆಂಡತಿ ಹಳೆಯ ಮಡಕೆಯನ್ನು ಒರೆಸಿ ಒರೆಸಿ ಕೊಟ್ಟು, "ಮೊದಲೇ ಪುಕ್ಕಟೆ ಕೊಟ್ಟಿದ್ರಿ, ಈಗ ಹೊಸದೂ ಕೊಡ್ತೀರಾ? ನಿಮ್ಮ ಋಣ ಹೇಗೆ ತೀರಿಸೋದು?" ಎಂದಳು. ನನಗೆ ತಡೆಯಲಾಗಲಿಲ್ಲ. "ತಾಯಿ, ನಾನು ನಿಮಗೆ ಕೊಟ್ಟಿದ್ದು ಕೆಟ್ಟ ಮಡಕೆ. ಒಡೀಬೇಕಾಗಿತ್ತು, ಒಡೀದೆ ನಿಮಗೆ ಕೊಟ್ಟೆ" ಎಂದುಬಿಟ್ಟೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ನೀರಿಗೆ ಮಣ್ಣು ವಾಸನೆ ಇತ್ತು, ನಮಗೂ ಅನ್ನಿಸಿತ್ತು" ಎಂದಳು. ಹೇಳಬಾರದಾಗಿತ್ತಾ ಎಂದೆ. "ಕೊಟ್ಟೋರು ನೀವು. ಕೊಟ್ಟಿದ್ದಕ್ಕೆ ಹೆಸರಿಡೋಕೆ ಆಗುತ್ತಾ?"

ಪುಕ್ಕಟೆ ಕೊಡಬೇಡ ಎಂಬ ನಿನ್ನ ನಿಯಮ ಆಗ ಅರ್ಥವಾಯಿತು. ಮಗಳು ನಗರ ಸೇರಿ ಕಲ್ಲುಮನಸ್ಸಿನವಳಾದಳು ಎಂದುಕೊಂಡಿದ್ದೆ. ದುಡ್ಡು ಕೊಟ್ಟ ಕ್ಷೌರದವನು ವಾರಕ್ಕೆರಡು ಸಲ ಬಂದು ಜಗಳವಾಡಿದ. ನಾನು ದಾನ ಕೊಟ್ಟ ಇಪ್ಪತ್ಮೂರು ಮನೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಅವರ ಬಾಯಿ ಕಟ್ಟಿದ್ದು ನನ್ನ ಧರ್ಮಬುದ್ಧಿ.

ಮೊದಲ ನಾಲ್ಕು ಮನೆಗೂ ವಾಪಸು ಹೋಗಿ ನಿಜ ಹೇಳಿ ಬಂದೆ. ನಿನ್ನ ಮಾತು ಮೀರಿದೆ. ಕೆಲಸ ಹೋದರೆ ಹೋಗಲಿ ಎಂದು ನಾನು ಹೇಳುವುದು ಸುಲಭ ಎನ್ನುತ್ತೀಯ. ಆರು ಹೆಂಗಸರನ್ನೂ ಕೂರಿಸಿ ಕೇಳಿದೆ. ಒಬ್ಬಳು ಅತ್ತಳು, ಅವಳಿಗೆ ಇದು ಬಿಟ್ಟರೆ ಬೇರೆ ಸಂಪಾದನೆಯಿಲ್ಲ. ಅತ್ತು ಮುಗಿಸಿ, "ನಮ್ಮ ಮನೆಯಲ್ಲೂ ಇದೇ ಮಡಕೆ ಇದೆ, ನಾವು ಏನಂತ ನಂಬಿ ಕುಡಿಯೋದು, ನಿಜ ಹೇಳಿ" ಎಂದವಳೂ ಅವಳೇ.

ಹೊಲಿಗೆಯಮ್ಮನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. "ಹೋಗಿ ಅಣ್ಣಾ" ಎಂದಳು, ಅಷ್ಟೇ. ಎದ್ದು ಬಂದೆ. ಬೈದಿದ್ದರೆ ಹಗುರಾಗುತ್ತಿತ್ತು.

ಇಪ್ಪತ್ತೆರಡು ಸಿಕ್ಕವು. ಇಪ್ಪತ್ಮೂರನೆಯದು ಎಲ್ಲಿ ಹೋಯಿತೋ ತಿಳಿಯುತ್ತಿಲ್ಲ. ಯಾರಿಗೆ ಕೊಟ್ಟೆ ಎಂದು ಬರೆದಿಟ್ಟವನಲ್ಲ ನಾನು. ನಾಲ್ಕು ದಿನದಿಂದ ಓಣಿ ಓಣಿ ಅಲೆದು, ಕಂಡವರ ಮಡಕೆಯನ್ನೆಲ್ಲ ಬೋರಲು ಹಾಕಿ ಬುಡ ನೋಡುತ್ತಿದ್ದೇನೆ. ಜನ ನನಗೆ ತಲೆ ಕೆಟ್ಟಿದೆ ಎನ್ನುತ್ತಿದ್ದಾರೆ. ಎಲ್ಲೋ ಒಂದು ಮನೆಯಲ್ಲಿ ಯಾರೋ ನನ್ನನ್ನು ನಂಬಿ ಆ ನೀರು ಕುಡಿಯುತ್ತಿದ್ದಾರೆ ಎಂಬುದೇ ತಲೆಯಲ್ಲಿ ಕೊರೆಯುತ್ತಿದೆ. ನಿನಗೇನಾದರೂ ಹೊಳೆದರೆ ಕೂಡಲೇ ಬರೆ.

ಅಪ್ಪ


ಜೂನ್ ೪

ಅಪ್ಪಾ,

ಹುಡುಕುವುದನ್ನು ನಿಲ್ಲಿಸು ಎಂದು ತಂತಿಯಂತೆ ಮೂರೇ ಮಾತಿನ ಸಂದೇಶ ಅತ್ತೆಗೆ ಕಳಿಸಿದ್ದೆ, ತಲುಪಿರಬೇಕು. ಉಳಿದದ್ದನ್ನು ಬರೆಯಲು ಮೂರು ವಾರ ಬೇಕಾಯಿತು.

ಆವಿಗೆಯ ಹಿಂದೆ ಸಾಲಾಗಿ ಇಟ್ಟೆ ಎಂದು ನೀನು ಬರೆದದ್ದನ್ನು ಮೇ ತಿಂಗಳಲ್ಲೇ ಓದಿದ್ದೆ. ನನ್ನ ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಬೀಳಲಿಲ್ಲ. ಇಪ್ಪತ್ಮೂರನೆಯದು ಸಿಗುತ್ತಿಲ್ಲ ಎಂಬ ನಿನ್ನ ಕಾಗದ ಬಂದ ದಿನ ನೇರ ಸಭಾಕೋಣೆಗೆ ಹೋಗಿ ಆ ಮಡಕೆಯನ್ನು ಎತ್ತಿ ಬುಡ ನೋಡಿದೆ. ಉಗುರಿನಂಥ ಗೀರು. ನಿನ್ನ ಎಲ್ಲ ಮಡಕೆಗಳಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನು ನಾನೇ ಕದ್ದು ತಂದಿದ್ದೆ. ಕೋಲು ಹಾಕಿ ನೋಡಬೇಕು ಎಂದು ನಿಯಮ ಬರೆದವಳಿಗೇ ಹೊಳೆಯಲಿಲ್ಲ. ಹಾಗಾದರೆ ನಿನಗೂ ನನಗೂ ಏನು ವ್ಯತ್ಯಾಸ?

ಮತ್ತೆ ಅದನ್ನು ಅಲ್ಲೇ ಇಟ್ಟು, ಯಾರಿಗೂ ನೀರು ಕೊಡಬೇಡಿ ಎಂದು ಸಹಾಯಕರಿಗೆ ಹೇಳಿ ಬಂದೆ. ಗುಟ್ಟಾಗಿ ಬದಲಾಯಿಸಲು ನನಗೆ ಒಂದು ಗಳಿಗೆ ಸಾಕಿತ್ತು. ಸುಳ್ಳು ಹೇಳುವುದೇಕೆ, ಪಾಸಾದ ಒಂದನ್ನು ಚೀಲದಲ್ಲಿ ಹಾಕಿಕೊಂಡು ಎರಡು ದಿನ ಓಡಾಡಿದೆ. ಇಸ್ತ್ರಿಯವನ ಹೆಂಡತಿ ಮಡಕೆ ಒರೆಸಿದ್ದನ್ನು ನೀನು ಬರೆಯದಿದ್ದರೆ ಬದಲಾಯಿಸಿಯೂ ಬಿಡುತ್ತಿದ್ದೆ.

ನಿನ್ನೆ ಸಭೆಯಲ್ಲಿ ಸಹಿಗೆ ಮೊದಲು ಒಂದು ಗಂಟೆ ಬೇಕು ಎಂದು ಕೇಳಿಕೊಂಡೆ. ಮಡಕೆ ತುಂಬಿಸಿ ಮೇಜಿನ ನಡುವೆ ಇಟ್ಟು, ಅದು ಇಳಿಯುವವರೆಗೆ ಎಲ್ಲವನ್ನೂ ಹೇಳಿದೆ. ನಿನ್ನ ಹೆಸರಿನ ಹಿಂದೆ ಬಚ್ಚಿಟ್ಟುಕೊಳ್ಳಲಿಲ್ಲ. ಯಾಕೆ ಎಂದು ಹೇಳದೆ ಆಜ್ಞೆ ಮಾಡಿದವಳು ನಾನು ಎಂದೆ. ಗಂಟೆ ತುಂಬಿದ ಮೇಲೆ ಕೋಲು ಇಳಿಬಿಟ್ಟೆ. ನೀರು ಕೆಳಗಿನ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ತಿಂಗಳಿಗೂ ಹೆಚ್ಚು ಕಾಲ ಅದನ್ನೇ ಕುಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ನಿಯಮದ ಪ್ರಕಾರ ಒಡೆಯಬೇಕು. ನೀರು ಚೆಲ್ಲಿ, ಚೀಲದಿಂದ ಸುತ್ತಿಗೆ ತೆಗೆದೆ. ಅಪ್ಪಾ, ಕೈ ಇಳಿಯಲಿಲ್ಲ. ಅಷ್ಟು ಜನರ ಮುಂದೆ ಸುತ್ತಿಗೆ ಎತ್ತಿಕೊಂಡು ನಿಂತುಬಿಟ್ಟೆ. ಅಂಚಿನಲ್ಲಿ ನಿನ್ನ ಹೆಬ್ಬೆರಳು ಓಡಿದ ಗುರುತಿತ್ತು. ಒಡೆ ಎಂದು ಒಂದು ಸಾಲಿನಲ್ಲಿ ನಿನಗೆ ಬರೆದದ್ದು ಏನೆಂದು ಆಗ ಗೊತ್ತಾಯಿತು. ಅಳುತ್ತಲೇ ಒಡೆದೆ.

ಸಹಿ ಆಗಲಿಲ್ಲ. ಒಂದು ವರ್ಷ ಪ್ರತಿ ಆವಿಗೆಯ ಪರೀಕ್ಷೆಯನ್ನೂ ಹೊರಗಿನವರು ನೋಡಬೇಕು, ಆಮೇಲೆ ಶಾಲೆಗಳ ಮಾತು ಎಂದರು. ಅಲ್ಲಿಯವರೆಗೆ ನಮ್ಮಷ್ಟಕ್ಕೆ ನಾವು. ಬಾಗಿಲವರೆಗೆ ಬಂದ ನಿರ್ದೇಶಕಿ, "ಎಷ್ಟು ಮಾಡ್ತೀರಿ ಅಂತ ಎಲ್ಲರನ್ನೂ ಕೇಳಿದೀನಿ. ಎಷ್ಟು ಒಡೀತೀರಿ ಅಂತ ಯಾರನ್ನೂ ಕೇಳಿರಲಿಲ್ಲ" ಎಂದರು. ಪುಸ್ತಿಕೆಯ ಮುಖಪುಟ ಏನು ಮಾಡುತ್ತಾರೋ ನಾನು ಕೇಳಲಿಲ್ಲ.

ಈ ಊರಿನ ಕೋಣೆ ಬಿಡುತ್ತಿದ್ದೇನೆ. ಸೋಮವಾರ ಬರುತ್ತೇನೆ. ಅತಿಥಿಗಳ ಜೊತೆಗಲ್ಲ, ಮಣ್ಣು ಕಲಸಲು. ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ, ಎಸೆಯಲು ಮನಸ್ಸು ಬರಲಿಲ್ಲ. ಹೊಲಿಗೆಯಮ್ಮನನ್ನು ನೋಡಲು ನನಗೆ ಹೆದರಿಕೆಯಾಗುತ್ತಿದೆ.

ನಿನ್ನ ಮಗಳು


ಜೂನ್ ೭

ನನ್ನ ವಕೀಲಮ್ಮನಿಗೆ,

ನೀನು ಬರುವ ಮೊದಲೇ ಈ ಕಾಗದ ತಲುಪಲಿ ಎಂದು ವ್ಯಾನ್ ಚಾಲಕನಿಗೆ ದುಂಬಾಲು ಬಿದ್ದಿದ್ದೇನೆ. ಬಂದವಳು ಗಾಬರಿಯಾಗಬಾರದಲ್ಲ, ಅದಕ್ಕೆ.

ಹೊಲಿಗೆಯಮ್ಮ ಇಪ್ಪತ್ತು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಹೋದ ವಾರ ಸರಿಯಾಗಿ ಕೋಲು ಇಳಿಬಿಡುವ ಹೊತ್ತಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇಪ್ಪತ್ತೆರಡು ಗೀರಿನ ಮಡಕೆ ಇನ್ನೂ ಮೂಲೆಯಲ್ಲಿದ್ದವು. ವಾಪಸು ತಂದಿದ್ದೆ, ಒಡೆದಿರಲಿಲ್ಲ. ಹೌದು, ಇನ್ನೂ. ಬೈಯಬೇಡ. "ಇವೇನಾ?" ಎಂದಳು. ಹೌದೆಂದೆ. ಸುತ್ತಿಗೆ ಕೊಡಿ ಎಂದಳು. ಒಂದೂ ಬಿಡದೆ ಒಡೆದಳು. ನಾನು ಆಚೆ ತಿರುಗಿ ನಿಂತಿದ್ದೆ. "ಆಚೆ ಯಾಕೆ ನೋಡ್ತೀರಾ ಅಣ್ಣಾ, ಈ ಕಡೆ ನೋಡಿ" ಎಂದಳು. ನೋಡಿದೆ.

ಈಗ ಪರೀಕ್ಷೆಯ ಕೋಲು ಅವಳ ಕೈಯಲ್ಲಿದೆ. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಇಲ್ಲಿ. ಸಂಬಳದ ಕೆಲಸ, ಉಪಕಾರವಲ್ಲ, ಅವಳೇ ಹಾಗೆಂದಳು. ಗೆರೆಗಿಂತ ಕೂದಲೆಳೆ ಇಳಿದರೂ ನನ್ನ ಮುಖ ನೋಡದೆ ಒಡೆಯುತ್ತಾಳೆ. ಮೊನ್ನೆಯ ಆವಿಗೆಯಲ್ಲಿ ಹನ್ನೊಂದು ಹೋದವು. ನನಗೆ ಊಟ ಸೇರಲಿಲ್ಲ. ಆದರೆ ಅದೇ ಸಂಜೆ, ಪಾಸಾದದ್ದರಲ್ಲಿ ಒಂದನ್ನು ಅವಳು ದುಡ್ಡು ಕೊಟ್ಟು ಮನೆಗೆ ಕೊಂಡುಹೋದಳು. ಮೊಮ್ಮಗಳಿಗೆ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಗೋಡೆಯ ಹಾಳೆಯಲ್ಲಿ ಒಡೆಯಬೇಕು ಎಂದಿರುವ ಕಡೆ, ಯಾಕೆ ಎಂಬುದನ್ನು ನಿನ್ನ ಮೇ ತಿಂಗಳ ಕಾಗದದಿಂದ ನೋಡಿ ನನ್ನ ಕೈಬರಹದಲ್ಲೇ ಬರೆದು ಅಂಟಿಸಿದ್ದೇನೆ. ಜರಡಿಯ ಹೆಂಗಸರು ಅದನ್ನು ಬಾಯಿಪಾಠ ಮಾಡಿದ್ದಾರೆ.

ಚೂರುಗಳನ್ನು ಹಿತ್ತಲಿಗೆ ಹಾಕೋಣವೇ ಎಂದು ಅತ್ತೆ ಕೇಳಿದಳು. ಬೇಡವೆಂದೆ. ಮುಂದಿನ ಗೇಟಿನ ಪಕ್ಕ ಸುರಿಸಿದ್ದೇನೆ. ಬಂದವರು ಮೊದಲು ಒಡೆದದ್ದನ್ನು ನೋಡಲಿ, ಆಮೇಲೆ ಒಳಗೆ ಬಂದು ಒಳ್ಳೆಯದನ್ನು ಕೊಳ್ಳಲಿ. ಕ್ಷೌರದವನು ರಾಶಿ ನೋಡಿ, ಈಗ ನಂಬಿಕೆ ಬಂತು ಎಂದು ತನ್ನ ತಂಗಿಯ ಮನೆಗೂ ಒಂದು ಮಡಕೆ ಹೇಳಿ ಹೋದ.

ಸಾಲಿನಿಂದ ಒಂದನ್ನು ಕದ್ದೆ ಎಂದು ಏಪ್ರಿಲ್‌ನಲ್ಲೇ ನೀನು ಬರೆದಿದ್ದೆ, ಅದನ್ನು ಓದಿ ನಕ್ಕು ಮರೆತವನು ನಾನು, ಸುಮ್ಮನೆ ಓಣಿ ಓಣಿ ಅಲೆದೆ. ನೀನು ಕಟ್ಟಿಟ್ಟ ಚೂರುಗಳನ್ನು ಮರೆಯದೆ ತಾ. ರಾಶಿಯ ಮೇಲೆ ಇಪ್ಪತ್ಮೂರನೆಯದಕ್ಕೆ ಜಾಗ ಬಿಟ್ಟಿದ್ದೇನೆ. ಇಬ್ಬರೂ ಸೇರಿ ಸುರಿಯೋಣ, ಆಮೇಲೆ ಊಟ. ಈ ಸಲ ಅತ್ತೆಯ ಅಡುಗೆ ಉಳಿಸಿದೆಯೋ, ನಿನ್ನ ಪರವಾಗಿ ನಾನು ವಾದ ಮಾಡುವುದಿಲ್ಲ.

ನಿನ್ನ ಅಪ್ಪ